ಬ್ಯಾಂಕ್ ಆ್ಯಪ್ ಒಳಗೆ ‘ಬೇರೆಯವರ ಕೋಡ್’ ಇದೆಯಂತೆ, ನಿಜವೇ?

“ನಿಮ್ಮ ಬ್ಯಾಂಕಿನ ಆ್ಯಪ್ ಬ್ಯಾಂಕಿನವರು ಬರೆದದ್ದೇ ಅಲ್ಲ. ಅದರೊಳಗೆ ಯಾರ್ಯಾರೋ ವಿದೇಶಿಯರ ಕೋಡ್ ಇದೆ. ಈಗಲೇ ಅಳಿಸಿ, ಎಲ್ಲರಿಗೂ ತಿಳಿಸಿ.” ಈ ಧಾಟಿಯ ಫಾರ್ವರ್ಡ್‌ಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ತಲೆ ಎತ್ತುತ್ತವೆ. ಬೆನ್ನಿಗೇ ಇನ್ನೊಂದು ಬರುತ್ತದೆ: “ಆ್ಯಪ್ ಅಪ್‌ಡೇಟ್ ಮಾಡಬೇಡಿ, ಆ ನೆಪದಲ್ಲಿ ಫೋನಿಗೆ ಏನೇನೋ ತುಂಬುತ್ತಾರೆ.”

ಮೊದಲನೆಯದು ಅರ್ಧ ನಿಜ. ಬ್ಯಾಂಕಿನ ಆ್ಯಪ್ ಒಂದೇ ಏಕೆ, ನಿಮ್ಮ ಫೋನಿನಲ್ಲಿರುವ ಹೆಚ್ಚುಕಡಿಮೆ ಪ್ರತಿಯೊಂದು ಆ್ಯಪ್‌ನ ಒಳಗೂ ಹೊರಗಿನವರು ಬರೆದ ಕೋಡ್ ಇದೆ. ಎಷ್ಟೋ ಸಲ ಕಂಪನಿಯವರು ತಾವೇ ಬರೆದದ್ದಕ್ಕಿಂತ ಹೊರಗಿನಿಂದ ತಂದದ್ದೇ ಜಾಸ್ತಿ ಇರುತ್ತದೆ. ಇದು ಮೋಸವಲ್ಲ, ಗುಟ್ಟೂ ಅಲ್ಲ. ಎರಡನೆಯ ಫಾರ್ವರ್ಡ್ ಮಾತ್ರ ಅಪಾಯದ ಸಲಹೆ. ಏಕೆಂದು ತಿಳಿಯಬೇಕಾದರೆ ಆ ಹೊರಗಿನ ಕೋಡನ್ನು ಯಾರು ಹುಡುಕಿ ತರುತ್ತಾರೆ, ಎಲ್ಲಿಂದ ತರುತ್ತಾರೆ, ಎಲ್ಲಿ ಇಟ್ಟುಕೊಳ್ಳುತ್ತಾರೆ, ತಂದದ್ದು ಸರಿಯಾದದ್ದೇ ಎಂದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ನೋಡಬೇಕು.

ಇದೆಲ್ಲ ಕಂಪ್ಯೂಟರ್ ಓದಿದವರ ತಲೆನೋವು ಅನ್ನಿಸಬಹುದು. ಆದರೆ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿಸಿದವರಿಗೆ ಈ ತಲೆನೋವು ಹಳೆಯ ಪರಿಚಯವೇ.

ಪೆನ್‌ಡ್ರೈವ್‌ನಲ್ಲಿ ಬಂದ ಕರೆಯೋಲೆ

ಬೆಂಗಳೂರಿನ ಶಂಕರಪುರಂನಲ್ಲೋ ಪಕ್ಕದ ಚಾಮರಾಜಪೇಟೆಯಲ್ಲೋ ಒಂದು ಡಿಟಿಪಿ ಅಂಗಡಿ ಎಂದುಕೊಳ್ಳಿ. ಮುಂಜಿ, ಮದುವೆ, ಗೃಹಪ್ರವೇಶದ ಕರೆಯೋಲೆಗಳು, ಸಾಹಿತ್ಯ ಪರಿಷತ್ತಿನ ಕಡೆಯಿಂದ ಬರುವ ಪುಸ್ತಕದ ಪುಟಗಳು, ಸಂಘದ ವಾರ್ಷಿಕ ವರದಿ, ಎಲ್ಲವೂ ಅಲ್ಲಿ ಅಚ್ಚಿಗೆ ಸಿದ್ಧವಾಗುತ್ತವೆ. ಮನೆಯಲ್ಲಿ ‘ನುಡಿ’ ಬಳಸಿ ಟೈಪ್ ಮಾಡಿದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು ಕೊಟ್ಟಿದ್ದೀರಿ. ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ ಅಕ್ಷರ, ಬ್ರಿಟನ್ನಿನ ಪೌಂಡ್ ಚಿಹ್ನೆ, ನಡುನಡುವೆ ನೆತ್ತಿಯ ಮೇಲೆ ಗೆರೆ ಹೊತ್ತ ಎ. ಅಂಗಡಿಯವರು ತಲೆ ಎತ್ತದೆಯೇ ಹೇಳುತ್ತಾರೆ: “ಫಾಂಟ್ ಇಲ್ಲ ಸಾರ್. ಪಿಡಿಎಫ್ ಮಾಡ್ಕೊಂಡು ಬಂದ್ಬಿಡಿ.”

ಏನಾಯಿತು? ಹಳೆಯ ನುಡಿ ಫೈಲಿನಲ್ಲಿ ಕನ್ನಡ ಅಕ್ಷರ ಇರಲೇ ಇಲ್ಲ. ಇದ್ದದ್ದು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳು. ಪೌಂಡ್ ಚಿಹ್ನೆಯ ಜಾಗದಲ್ಲಿ ‘ನ’ದ ಆಕಾರ ಬಿಡಿಸುವ ಕೆಲಸ ಫಾಂಟಿನದು. ಫೈಲ್ ತನ್ನ ಜೊತೆ ಫಾಂಟನ್ನು ಹೊತ್ತು ತಂದಿರಲಿಲ್ಲ, ಅದರ ಹೆಸರನ್ನಷ್ಟೇ ಬರೆದುಕೊಂಡಿತ್ತು. ಆ ಹೆಸರಿನದು ಈ ಕಂಪ್ಯೂಟರಿನಲ್ಲಿ ಸಿಗಲಿಲ್ಲ. ಸಿಗದಿದ್ದಾಗ ಕಂಪ್ಯೂಟರ್ ‘ಇಲ್ಲ’ ಎಂದು ನಿಲ್ಲಲೂ ಇಲ್ಲ, ಕೈಗೆ ಸಿಕ್ಕ ಇನ್ನೊಂದು ಫಾಂಟ್ ಹಾಕಿ ಮುಂದೆ ಹೋಯಿತು.

ಹೀಗೆ ಒಂದು ವಸ್ತು ಕೆಲಸ ಮಾಡಲು ತನ್ನಲ್ಲಿಲ್ಲದ ಇನ್ನೊಂದನ್ನು ನಂಬಿಕೊಂಡಿರುವುದಕ್ಕೆ ಸಾಫ್ಟ್‌ವೇರ್‌ನವರು ‘ಡಿಪೆಂಡೆನ್ಸಿ’ ಎನ್ನುತ್ತಾರೆ. ನಾವು ಅವಲಂಬನೆ ಎನ್ನಬಹುದು.

ಡಿಟಿಪಿ ಅಂಗಡಿಯಲ್ಲಿ ಇದಕ್ಕೆ ಮೂರು ಪರಿಹಾರಗಳಿದ್ದವು, ಈಗಲೂ ಇವೆ. ಅಂಗಡಿಯ ಕಂಪ್ಯೂಟರಿಗೂ ಅದೇ ಫಾಂಟ್ ಹಾಕಿಸುವುದು ಒಂದು. ಆದರೆ ನುಡಿಯಂತೆಯೇ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂದು ಬೇರೆ ಬೇರೆ ತಂತ್ರಾಂಶಗಳಿದ್ದವು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಲೆಕ್ಕ ಒಬ್ಬೊಬ್ಬರದು ಒಂದೊಂದು ಥರ. ಹಾಗಾಗಿ ಅಂಗಡಿಯವರು ಫಾಂಟುಗಳ ದೊಡ್ಡ ಕಂತೆಯನ್ನೇ ಇಟ್ಟುಕೊಳ್ಳಬೇಕಾಗುತ್ತಿತ್ತು. ಪಿಡಿಎಫ್ ಮಾಡುವುದು ಇನ್ನೊಂದು: ಬೇಕಾದ ಫಾಂಟನ್ನು ಫೈಲಿನ ಒಳಗೇ ಕಟ್ಟಿ ಕಳಿಸಿದಂತೆ. ಎಲ್ಲಿ ತೆರೆದರೂ ಕನ್ನಡ ಕಾಣುತ್ತದೆ, ಆದರೆ ಮುಹೂರ್ತದ ಗಳಿಗೆ ತಪ್ಪಾಗಿದ್ದರೆ ಅಂಗಡಿಯಲ್ಲಿ ನಿಂತು ತಿದ್ದುವುದು ಕಷ್ಟ. ಮೂರನೆಯದು ಎಲ್ಲರೂ ಒಂದೇ ಲೆಕ್ಕಕ್ಕೆ ಒಪ್ಪುವುದು. ಸರ್ಕಾರದ ನೆರವಿನಲ್ಲಿ ನುಡಿಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತು ಈ ಒಪ್ಪಂದಕ್ಕಾಗಿಯೇ ದುಡಿಯಿತು. ಕೊನೆಗೆ ಆ ಜಾಗಕ್ಕೆ ಬಂದದ್ದು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಆ ಪಟ್ಟಿಯಲ್ಲಿ ಕನ್ನಡಕ್ಕೆ ತನ್ನದೇ 128 ಸ್ಥಾನಗಳಿವೆ. ಈಗ ನಿಮ್ಮ ಫೈಲಿಗೆ ಬೇಕಾದದ್ದು ಕನ್ನಡದ ಯಾವುದಾದರೂ ಒಂದು ಯೂನಿಕೋಡ್ ಫಾಂಟ್, ಇಂಥದ್ದೇ ಎಂಬ ಹಟವಿಲ್ಲ.

ಹಂಚಿಕೊಂಡು ಬಳಸುವುದು, ಒಳಗೇ ಕಟ್ಟಿಕೊಂಡು ಹೋಗುವುದು, ಒಂದು ಒಪ್ಪಂದಕ್ಕೆ ಬರುವುದು. ಸಾಫ್ಟ್‌ವೇರ್ ಜಗತ್ತು ಅವಲಂಬನೆಯ ವಿಷಯದಲ್ಲಿ ಇವತ್ತಿಗೂ ಹೆಣಗುತ್ತಿರುವುದು ಈ ಮೂರರ ನಡುವೆಯೇ.

ಈ ಸಾಲನ್ನು ನಿಮಗೆ ತೋರಿಸುತ್ತಿರುವವರು ಯಾರು?

ಯೂನಿಕೋಡ್ ಬಂದರೂ ಕನ್ನಡ ತಾನಾಗಿ ಮೂಡುವುದಿಲ್ಲ. ‘ಸ್ತ್ರೀ’ ಎಂದು ಬರೆಯಲು ಫೈಲಿನಲ್ಲಿ ಸ, ತ, ರ, ನಡುವೆ ವಿರಾಮಗಳು, ಕೊನೆಗೆ ದೀರ್ಘದ ಸ್ವರ ಸಾಲಾಗಿ ನಿಂತಿರುತ್ತವೆ. ಯಾವುದು ಒತ್ತಾಗಿ ಕೆಳಗೆ ಹೋಗಬೇಕು, ಯಾವುದಕ್ಕೆ ಗುಡಿಸು ಹತ್ತಬೇಕು ಎಂದು ನಿರ್ಧರಿಸಿ ಜೋಡಿಸುವವರು ಬೇಕು. ಹಿಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸ ಇದು. ಆಂಡ್ರಾಯ್ಡ್ ಫೋನಿನಲ್ಲಿ ಇದನ್ನು ಮಾಡುವುದು ‘ಹಾರ್ಫ್‌ಬಜ್’ ಎಂಬ ಉಚಿತ, ಮುಕ್ತ ಕೋಡ್. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಕೂಡ ಅದನ್ನೇ ಬಳಸುತ್ತವೆ. ಕನ್ನಡದ ಒತ್ತಕ್ಷರ ಜೋಡಿಸುವ ಕೋಡನ್ನು ಪ್ರತಿ ಕಂಪನಿಯೂ ಹೊಸದಾಗಿ ಬರೆಯಬೇಕಾಗಿದ್ದರೆ ನಮ್ಮ ಭಾಷೆಗೆ ಸರದಿ ಬರುತ್ತಿತ್ತೋ ಇಲ್ಲವೋ. ಒಬ್ಬರು ಸರಿಯಾಗಿ ಮಾಡಿಟ್ಟದ್ದನ್ನು ಎಲ್ಲರೂ ಎತ್ತಿಕೊಳ್ಳುವ ಪದ್ಧತಿಯಿಂದ ಲಾಭವಾದವರಲ್ಲಿ ಕನ್ನಡಿಗರೂ ಇದ್ದೇವೆ. ‘ಬೇರೆಯವರ ಕೋಡ್’ ಎಂದು ಹೆದರಿಸುವ ಕನ್ನಡ ಫಾರ್ವರ್ಡ್ ಆಂಡ್ರಾಯ್ಡ್ ಫೋನಿನಲ್ಲಿ ಕಾಣಿಸಿಕೊಳ್ಳುವುದೂ ಬೇರೆಯವರ ಕೋಡಿನ ದಯೆಯಿಂದಲೇ.

ಲಾಭವಿದ್ದಂತೆ ಅಪಾಯವೂ ಹಂಚಿಕೆಯಾಗುತ್ತದೆ. 2018ರ ಫೆಬ್ರುವರಿ ನೆನಪಿದೆಯೇ? ತೆಲುಗಿನ ‘ಜ್ಞಾ’ ಅಕ್ಷರ ಕಳಿಸಿದರೆ ಐಫೋನ್ ಕುಸಿದು ಬೀಳುತ್ತದೆ ಎಂಬ ಸುದ್ದಿ ಹಬ್ಬಿತ್ತು. ಅದು ಸುಳ್ಳಲ್ಲ. ಐಫೋನಿನಲ್ಲಿ ಅಕ್ಷರ ಜೋಡಿಸುವುದು ಆ್ಯಪಲ್‌ನ ‘ಕೋರ್‌ಟೆಕ್ಸ್ಟ್’ ಎಂಬ ಬಿಡಿಭಾಗ. ವಾಟ್ಸಾಪ್, ಮೆಸೆಂಜರ್, ಆ್ಯಪಲ್‌ನ ಮೆಸೇಜಸ್ ಎಲ್ಲವೂ ಅದನ್ನೇ ನಂಬಿದ್ದವು. ಹಾಗಾಗಿ ಒಂದರಲ್ಲಿದ್ದ ದೋಷ ಎಲ್ಲವನ್ನೂ ಕೆಡವಿತು. ಆದರೆ ‘ಜ್ಞಾನ’ ಎಂಬ ಮಾಮೂಲಿ ತೆಲುಗು ಪದದಿಂದ ಏನೂ ಆಗುತ್ತಿರಲಿಲ್ಲ. ಆ ಅಕ್ಷರದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಕೊಂಡಿದ್ದರೆ ಮಾತ್ರ ತೊಂದರೆ. ‘ಫೇಸ್‌ಬುಕ್’ ಎಂದು ಬರೆಯುವಾಗ ಬ ಒತ್ತಾಗದಂತೆ ತಡೆಯಲು ನಾವೆಲ್ಲ ಬಳಸುವ ಚಿಹ್ನೆಯೂ ಅದೇ! ಆ್ಯಪಲ್ 2018ರ ಫೆಬ್ರುವರಿ 19ರಂದು ಐಓಎಸ್ 11.2.6 ಬಿಡುಗಡೆ ಮಾಡಿ ದೋಷ ಸರಿಪಡಿಸಿತು. ಅಪ್‌ಡೇಟ್ ಮಾಡಿಕೊಂಡವರ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು.

ಅದೇ ವರ್ಷ “ಈ ಕಪ್ಪು ಚುಕ್ಕೆ ಮುಟ್ಟಿದರೆ ವಾಟ್ಸಾಪ್ ಹ್ಯಾಂಗ್ ಆಗುತ್ತದೆ” ಎಂಬ ಮೆಸೇಜ್ ಕೂಡ ಓಡಾಡಿತು. ಚುಕ್ಕೆಗೆ ಯಾವ ಶಕ್ತಿಯೂ ಇರಲಿಲ್ಲ. ಮೆಸೇಜಿನೊಳಗೆ ಬರಹದ ದಿಕ್ಕು ಬದಲಿಸುವ ಕಾಣದ ಚಿಹ್ನೆಗಳನ್ನು ರಾಶಿ ರಾಶಿ ತುಂಬಿದ್ದರು. ಆ್ಯಪ್ ಅವನ್ನೆಲ್ಲ ಬಿಡಿಸಲು ಹೋಗಿ ಹೆಣಗುತ್ತಿತ್ತು, ಅಷ್ಟೆ.

ಯಾವ ಫೋರ್ತ್ ಮೇನ್ ಸಾರ್?

ಈಗ ಆ್ಯಪ್ ಕಟ್ಟುವವರ ಕಡೆಗೆ ಬರೋಣ. ಆ್ಯಪ್ ಬರೆಯುವವರು ತಮಗೆ ಬೇಕಾದ ಬಿಡಿಭಾಗಗಳ ಒಂದು ಪಟ್ಟಿ ಮಾಡುತ್ತಾರೆ: ಚಿತ್ರ ತೆರೆಯಲು ಇಂಥದ್ದು, ದಿನಾಂಕದ ಲೆಕ್ಕಕ್ಕೆ ಇಂಥದ್ದು, ಇಂಟರ್‌ನೆಟ್ ಸಂಪರ್ಕಕ್ಕೆ ಇಂಥದ್ದು. ಪಟ್ಟಿ ಓದಿ, ಬಿಡಿಭಾಗಗಳನ್ನು ತರಿಸಿ, ಎಲ್ಲ ಜೋಡಿಸಿ, ಕೊನೆಗೆ ನಿಮ್ಮ ಫೋನಿಗೆ ಬರುವ ಆ್ಯಪ್ ಕಟ್ಟಿಕೊಡುವುದಕ್ಕೆ ‘ಬಿಲ್ಡ್ ಟೂಲ್’ ಎನ್ನುತ್ತಾರೆ. ಆಂಡ್ರಾಯ್ಡ್ ಆ್ಯಪ್‌ಗಳಿಗೆ ಸಾಮಾನ್ಯವಾಗಿ ಗ್ರೇಡಲ್, ಜಾವಾದವರಿಗೆ ಮೇವೆನ್, ಜಾವಾಸ್ಕ್ರಿಪ್ಟ್‌ನವರಿಗೆ ಎನ್‌ಪಿಎಂ.

ತರಿಸುವುದು ಎಲ್ಲಿಂದ? ಇಂಟರ್‌ನೆಟ್ಟಿನಲ್ಲಿರುವ ದೊಡ್ಡ ಗೋದಾಮುಗಳಿಂದ. ಜಾವಾ ಲೋಕಕ್ಕೆ ‘ಮೇವೆನ್ ಸೆಂಟ್ರಲ್’ ಅಂಥ ಒಂದು ಗೋದಾಮು. ಎನ್‌ಪಿಎಂಗೆ ತನ್ನದೇ ಇದೆ. ಅಲ್ಲಿ ಲಕ್ಷಾಂತರ ಬಿಡಿಭಾಗಗಳಿವೆ, ಬಹುತೇಕ ಎಲ್ಲವೂ ಉಚಿತ.

ಲಕ್ಷಾಂತರದಲ್ಲಿ ಬೇಕಾದದ್ದನ್ನು ಗುರುತಿಸುವುದು ವಿಳಾಸದಿಂದ. ಬೆಂಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ. ‘4ನೇ ಮುಖ್ಯರಸ್ತೆ’ ಎಂದಷ್ಟೇ ಹೇಳಿದರೆ ಆಟೋದವರು ಕೇಳುವುದು ಒಂದೇ ಪ್ರಶ್ನೆ: “ಯಾವ ಫೋರ್ತ್ ಮೇನ್ ಸಾರ್?” ಚಾಮರಾಜಪೇಟೆಯಲ್ಲೂ ಇದೆ, ಮಲ್ಲೇಶ್ವರದಲ್ಲೂ ಇದೆ. ಬಡಾವಣೆ, ರಸ್ತೆ, ಮನೆ ನಂಬರ್ ಮೂರೂ ಸೇರಿದರೇ ವಿಳಾಸ. ಮೇವೆನ್ ಕೂಡ ಮೂರು ಭಾಗ ಕೇಳುತ್ತದೆ: ಯಾವ ಗುಂಪಿನವರದು, ಏನದರ ಹೆಸರು, ಎಷ್ಟನೆಯ ಆವೃತ್ತಿ. ಗುಂಪಿನ ಹೆಸರು ಸಾಮಾನ್ಯವಾಗಿ ಆ ಸಂಸ್ಥೆಯ ವೆಬ್ ವಿಳಾಸವನ್ನು ತಿರುವುಮುರುವು ಬರೆದದ್ದು. ಮೇವೆನ್ ಸೆಂಟ್ರಲ್‌ನಲ್ಲಿ ಆ ವೆಬ್ ವಿಳಾಸ ನಿಮ್ಮದೇ ಎಂದು ತೋರಿಸದೆ ಆ ಹೆಸರಿನಲ್ಲಿ ಏನನ್ನೂ ಇಡಲಾಗದು. ಎನ್‌ಪಿಎಂನಲ್ಲಿ ಬಹುಕಾಲ ಬರೀ ಹೆಸರು ಸಾಕಿತ್ತು. ಮೊದಲು ಬಂದವರಿಗೆ ಆ ಹೆಸರು. ಗುಂಪಿನ ಹೆಸರು ಸೇರಿಸುವ ಸೌಲಭ್ಯ ಆಮೇಲೆ ಬಂತು, ಕಡ್ಡಾಯವಂತೂ ಆಗಲಿಲ್ಲ. ಈ ಸಣ್ಣ ವ್ಯತ್ಯಾಸದ ಬೆಲೆ ಏನೆಂದು ಮುಂದೆ ಬರುತ್ತದೆ.

ಒಮ್ಮೆ ತಂದದ್ದನ್ನು ಪ್ರತಿಸಲ ತರುವುದು ದಂಡ. ಅದಕ್ಕೆ ಬಿಲ್ಡ್ ಟೂಲ್ ತನ್ನ ಕಂಪ್ಯೂಟರಿನಲ್ಲೇ ಒಂದು ಉಗ್ರಾಣ ಇಟ್ಟುಕೊಳ್ಳುತ್ತದೆ. ಬಡಾವಣೆ, ರಸ್ತೆ, ಮನೆ ನಂಬರ್ ಕ್ರಮದಲ್ಲೇ ಫೋಲ್ಡರ್‌ನೊಳಗೆ ಫೋಲ್ಡರ್. ಮೊದಲು ಉಗ್ರಾಣದಲ್ಲಿ ನೋಡು, ಇಲ್ಲದಿದ್ದರೆ ಗೋದಾಮಿಗೆ ಹೋಗು, ತಂದು ಉಗ್ರಾಣದಲ್ಲಿಡು. ಎನ್‌ಪಿಎಂ ಇದರ ಜೊತೆಗೆ ಪ್ರತಿ ಪ್ರಾಜೆಕ್ಟಿಗೂ ಒಂದೊಂದು ಪ್ರತಿ ಇಳಿಸಿ ಕೊಡುತ್ತದೆ. ಆ ಫೋಲ್ಡರಿನ ಗಾತ್ರ ನೋಡಿ ಪ್ರೋಗ್ರಾಮರ್‌ಗಳು ಮಾಡಿಕೊಳ್ಳುವ ತಮಾಷೆಗಳಿಗೆ ಲೆಕ್ಕವಿಲ್ಲ.

ಕಷ್ಟ ಇರುವುದು ಇನ್ನೊಂದು ಕಡೆ. ನೀವು ಪಟ್ಟಿಯಲ್ಲಿ ಬರೆದದ್ದು 10 ಬಿಡಿಭಾಗ. ಆದರೆ ಆ ಹತ್ತಕ್ಕೂ ತಮ್ಮ ತಮ್ಮ ಪಟ್ಟಿಗಳಿವೆ, ಆ ಪಟ್ಟಿಯಲ್ಲಿರುವವಕ್ಕೆ ಮತ್ತೆ ಪಟ್ಟಿಗಳು. ಮದುವೆಗೆ ಹತ್ತು ಜನರನ್ನು ಕರೆದು, ಅವರು ತಮ್ಮವರನ್ನು ಕರೆತಂದು, ಊಟದ ಎಲೆ ನೂರು ದಾಟಿದಂತೆ. ಬಂದವರಲ್ಲಿ ಹೆಚ್ಚಿನವರ ಹೆಸರೂ ಮನೆಯವರಿಗೆ ಗೊತ್ತಿರುವುದಿಲ್ಲ. ಇಬ್ಬರು ಒಂದೇ ವಸ್ತುವಿನ ಬೇರೆ ಬೇರೆ ಆವೃತ್ತಿ ಕೇಳಿದರೆ ಒಂದೊಂದು ಟೂಲ್ ಒಂದೊಂದು ಪಂಚಾಯಿತಿ ಮಾಡುತ್ತದೆ: ಮೇವೆನ್ ಪಟ್ಟಿಯಲ್ಲಿ ಹತ್ತಿರದವರ ಮಾತಿಗೆ ಬೆಲೆ ಕೊಡುತ್ತದೆ, ಗ್ರೇಡಲ್ ಸಾಮಾನ್ಯವಾಗಿ ಹೊಸ ಆವೃತ್ತಿ ತರುತ್ತದೆ, ಎನ್‌ಪಿಎಂ ಇಬ್ಬರಿಗೂ ಬೇರೆ ಬೇರೆ ಕೊಟ್ಟು ಸುಮ್ಮನಾಗಿಸುತ್ತದೆ.

ಹೆಸರು ಅದೇ, ಮಾಲು ಬೇರೆ

ಇಷ್ಟೆಲ್ಲ ವ್ಯವಸ್ಥೆ ನಿಂತಿರುವುದು ಒಂದು ನಂಬಿಕೆಯ ಮೇಲೆ: ಆ ಹೆಸರಿನಲ್ಲಿ ಸಿಕ್ಕದ್ದು ನಮಗೆ ಬೇಕಾದದ್ದೇ. ಈ ನಂಬಿಕೆ ಹಲವು ರೀತಿಯಲ್ಲಿ ಕೈಕೊಟ್ಟಿದೆ.

2016ರ ಮಾರ್ಚ್ 22ರಂದು ಅಜರ್ ಕೊಚುಲು ಎಂಬ ಪ್ರೋಗ್ರಾಮರ್ ಎನ್‌ಪಿಎಂ ಗೋದಾಮಿನಿಂದ ತಮ್ಮ 273 ಬಿಡಿಭಾಗಗಳನ್ನು ತೆಗೆದುಹಾಕಿದರು. ಒಂದು ಹೆಸರಿನ ವಿಷಯದಲ್ಲಿ ಕಿಕ್ ಎಂಬ ಮೆಸೆಂಜರ್ ಕಂಪನಿಯ ಪರ ಎನ್‌ಪಿಎಂ ನಿಂತದ್ದಕ್ಕೆ ಸಿಟ್ಟು. ತೆಗೆದದ್ದರಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಕೋಡ್ ಇತ್ತು. ಪದದ ಎಡಗಡೆ ಜಾಗ ತುಂಬುವುದಷ್ಟೇ ಅದರ ಕೆಲಸ. ಅದನ್ನು ನಂಬಿದ್ದ ದೊಡ್ಡ ದೊಡ್ಡ ಬಿಡಿಭಾಗಗಳಿದ್ದವು, ಅವನ್ನು ನಂಬಿದ್ದ ಅಸಂಖ್ಯ ಪ್ರಾಜೆಕ್ಟುಗಳಿದ್ದವು. ಕೆಲವು ಗಂಟೆ ಜಗತ್ತಿನ ಹಲವೆಡೆ ಸಾಫ್ಟ್‌ವೇರ್ ಕಟ್ಟುವ ಕೆಲಸವೇ ನಿಂತಿತು. ಎನ್‌ಪಿಎಂ ಅದನ್ನು ತಾನೇ ಮತ್ತೆ ಜಾಗಕ್ಕಿಟ್ಟಿತು. ಇನ್ನು ಮುಂದೆ ಇಟ್ಟದ್ದನ್ನು ಮನಸ್ಸಿಗೆ ಬಂದಾಗ ತೆಗೆಯುವಂತಿಲ್ಲ ಎಂಬ ನಿಯಮವನ್ನೂ ತಂದಿತು. ಮೇವೆನ್ ಸೆಂಟ್ರಲ್‌ನಲ್ಲಿ ಒಮ್ಮೆ ಇಟ್ಟದ್ದನ್ನು ತೆಗೆಯುವ, ಬದಲಿಸುವ ಅವಕಾಶ ಮೊದಲಿನಿಂದಲೂ ಇಲ್ಲ. ತಿದ್ದಬೇಕೆಂದರೆ ಹೊಸ ಆವೃತ್ತಿ ಹಾಕಬೇಕು.

ಅದು ಇದ್ದದ್ದು ಮಾಯವಾದ ಕಥೆ. ಇಲ್ಲದ್ದು ಪ್ರತ್ಯಕ್ಷವಾದ ಕಥೆ ಇನ್ನೂ ಸ್ವಾರಸ್ಯದ್ದು. ದೊಡ್ಡ ಕಂಪನಿಗಳಿಗೆ ಹೊರಗಿನ ಗೋದಾಮಿನ ಜೊತೆ ತಮ್ಮದೇ ಖಾಸಗಿ ಗೋದಾಮೂ ಇರುತ್ತದೆ. ಪೇಪ್ಯಾಲ್ ಬಳಸುವ ಬಿಡಿಭಾಗಗಳ ಒಂದು ಪಟ್ಟಿ ಹೇಗೋ ಇಂಟರ್‌ನೆಟ್ಟಿಗೆ ಬಂದಿತ್ತು. ಅದರಲ್ಲಿದ್ದ ಕೆಲವು ಹೆಸರುಗಳು ಹೊರಗಿನ ಗೋದಾಮಿನಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಅಲೆಕ್ಸ್ ಬಿರ್ಸಾನ್ ಎಂಬ ಭದ್ರತಾ ಸಂಶೋಧಕ ಗಮನಿಸಿದರು. ಆ ಖಾಸಗಿ ಹೆಸರನ್ನೇ ನಾನು ಹೊರಗಿನ ಗೋದಾಮಿನಲ್ಲಿ ಇಟ್ಟರೆ, ಅದೂ ಬಹಳ ದೊಡ್ಡ ಆವೃತ್ತಿ ಸಂಖ್ಯೆ ಕೊಟ್ಟು ಇಟ್ಟರೆ, ಕಂಪನಿಯ ಬಿಲ್ಡ್ ಟೂಲ್ ಯಾವುದನ್ನು ತರುತ್ತದೆ? ಹಲವು ಕಡೆ ಅದು ಹೊಸದು ಎಂದು ಹೊರಗಿನದನ್ನೇ ತಂದಿತು. ಆ್ಯಪಲ್, ಮೈಕ್ರೋಸಾಫ್ಟ್, ಪೇಪ್ಯಾಲ್ ಸೇರಿ 35ಕ್ಕೂ ಹೆಚ್ಚು ಸಂಸ್ಥೆಗಳ ಕಂಪ್ಯೂಟರುಗಳ ಒಳಗೆ ಅವರ ಕೋಡ್ ಓಡಿತು. ಬಿರ್ಸಾನ್ ಯಾರಿಗೂ ಹಾನಿ ಮಾಡಲಿಲ್ಲ. ಇಂಥ ಹುಳುಕು ತೋರಿಸಿದವರಿಗೆ ಕಂಪನಿಗಳು ಬಹುಮಾನ ಕೊಡುವ ಯೋಜನೆಗಳಡಿ ಈ ಪರೀಕ್ಷೆ ನಡೆಸಿದ್ದರು. 2021ರ ಫೆಬ್ರುವರಿಯಲ್ಲಿ ಎಲ್ಲವನ್ನೂ ಬಹಿರಂಗವಾಗಿ ಬರೆದರು. ಮೈಕ್ರೋಸಾಫ್ಟ್ 40,000 ಡಾಲರ್ ಬಹುಮಾನ ಕೊಟ್ಟಿತು. ಬಡಾವಣೆಯ ಹೆಸರಿಲ್ಲದೆ ಬರೀ ‘4ನೇ ಮುಖ್ಯರಸ್ತೆ’ ಎಂದು ಬರೆದಿಟ್ಟವರ ಪಾರ್ಸೆಲ್ ಬೇರೆಯವರ ಮನೆಗೆ ಹೋದ ಹಾಗೆ.

ಇನ್ನೊಂದು ಘಟನೆ ಫಾರ್ವರ್ಡ್ ಓದುವ ನಮಗೆಲ್ಲ ಹತ್ತಿರದ್ದು. 2025ರ ಸೆಪ್ಟೆಂಬರ್‌ನಲ್ಲಿ ಎನ್‌ಪಿಎಂನ ಕೆಲವು ಪ್ರಸಿದ್ಧ ಬಿಡಿಭಾಗಗಳನ್ನು ನೋಡಿಕೊಳ್ಳುವ ಒಬ್ಬ ಪ್ರೋಗ್ರಾಮರ್‌ಗೆ ಇಮೇಲ್ ಬಂತು: ನಿಮ್ಮ ಖಾತೆಯ ಭದ್ರತಾ ವಿವರ ನವೀಕರಿಸಿ, ಇಲ್ಲದಿದ್ದರೆ ಸೆಪ್ಟೆಂಬರ್ 10ರಿಂದ ಖಾತೆ ಬಂದ್. “ಇಂದು ರಾತ್ರಿ ನಿಮ್ಮ ಕರೆಂಟ್ ಕಟ್ ಆಗುತ್ತದೆ”, “ಕೆವೈಸಿ ಮಾಡದಿದ್ದರೆ ಖಾತೆ ಸ್ಥಗಿತ” ಎಂದು ನಮಗೆ ಬರುವ ಮೆಸೇಜುಗಳ ಅಣ್ಣತಮ್ಮ. ಕಳಿಸಿದವರ ವಿಳಾಸದಲ್ಲಿ ಎನ್‌ಪಿಎಂ ಹೆಸರಿತ್ತು, ಕೊನೆಯ ಭಾಗ ಮಾತ್ರ ಬೇರೆ ಇತ್ತು. ಅವರು ಲಿಂಕ್ ಒತ್ತಿದರು. ಸೆಪ್ಟೆಂಬರ್ 8ರಂದು ‘ಚಾಕ್’, ‘ಡೀಬಗ್’ ಸೇರಿ 18 ಬಿಡಿಭಾಗಗಳಲ್ಲಿ ಕಳ್ಳ ಕೋಡ್ ಸೇರಿತು. ವಾರಕ್ಕೆ ಒಟ್ಟು 200 ಕೋಟಿಗೂ ಹೆಚ್ಚು ಸಲ ಇಳಿಸಿಕೊಳ್ಳುವ ವಸ್ತುಗಳಿವು. ಕ್ರಿಪ್ಟೋ ಹಣ ಕಳಿಸುವಾಗ ಪಡೆಯುವವರ ವಿಳಾಸವನ್ನು ಸದ್ದಿಲ್ಲದೆ ಬದಲಿಸುವುದು ಆ ಕೋಡಿನ ಉದ್ದೇಶ. ಕೆಲವೇ ಗಂಟೆಗಳಲ್ಲಿ ಪತ್ತೆಯಾಗಿ ತೆಗೆದದ್ದು ಪುಣ್ಯ. ಇಲ್ಲಿ ವಿಳಾಸ ಸರಿ, ಗೋದಾಮು ಸರಿ, ಇಟ್ಟವರ ಹೆಸರೂ ಸರಿ. ಒಳಗಿನ ಮಾಲು ಮಾತ್ರ ಬೇರೆ. ವರ್ಷಗಟ್ಟಲೆ ಪುಕ್ಕಟೆ ದುಡಿಯುವ ಅಂಥವರನ್ನು ಬೈಯುವುದು ಸುಲಭ. ಅವರ ಕೆಲಸದ ಮೇಲೆ ಕೋಟಿಗಟ್ಟಲೆ ಗಳಿಸುವ ಕಂಪನಿಗಳು ಕಾವಲಿಗೆ ಎಷ್ಟು ಖರ್ಚು ಮಾಡುತ್ತಿವೆ ಎಂದು ಮೊದಲು ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಹೆಸರಿನ ಬದಲು ಬೆರಳಚ್ಚು

ಇದಕ್ಕೆ ಕಂಡುಕೊಂಡ ಉಪಾಯ ‘ಲಾಕ್ ಫೈಲ್’. ಮೊದಲ ಸಲ ಎಲ್ಲ ತರಿಸಿದಾಗ ಬಿಲ್ಡ್ ಟೂಲ್ ಯಾವ ಯಾವ ಬಿಡಿಭಾಗದ ಯಾವ ಆವೃತ್ತಿ ಬಂತು ಎಂದು ಬರೆದಿಡುತ್ತದೆ. ಹಲವು ಟೂಲ್‌ಗಳು ಜೊತೆಗೆ ಪ್ರತಿಯೊಂದರ ‘ಹ್ಯಾಶ್’ ಕೂಡ ಬರೆದುಕೊಳ್ಳುತ್ತವೆ. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು: ಇಡೀ ಫೈಲನ್ನು ಒಂದು ಗಣಿತದ ಗಾಣಕ್ಕೆ ಹಾಕಿ ತೆಗೆದ ಗೊತ್ತಾದ ಉದ್ದದ ಸಂಖ್ಯೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಮುಂದಿನ ಸಲ ಅದೇ ವಿಳಾಸದಿಂದ ಬೇರೆ ಮಾಲು ಬಂದರೆ ಟೂಲ್ ಜೋಡಿಸುವುದನ್ನೇ ನಿಲ್ಲಿಸುತ್ತದೆ.

ಆದರೆ ಬೆರಳಚ್ಚು ಹೇಳುವುದು ‘ಇದು ಮೊದಲು ತಂದದ್ದೇ’ ಎಂದಷ್ಟೇ. ಮೊದಲು ತಂದದ್ದು ಒಳ್ಳೆಯದೋ ಕೆಟ್ಟದ್ದೋ ಅದಕ್ಕೆ ಗೊತ್ತಿಲ್ಲ. ಹಳೆಯ ಮಾಲಿನಲ್ಲೇ ಹುಳುಕಿದ್ದರೆ ಅದನ್ನೇ ಭದ್ರವಾಗಿ ಕಾಪಾಡುತ್ತದೆ.

2021ರ ಡಿಸೆಂಬರ್‌ನಲ್ಲಿ ಆದದ್ದು ಹಾಗೆ. ಸರ್ವರ್‌ಗಳು ತಮ್ಮ ದಿನಚರಿ ಬರೆದುಕೊಳ್ಳಲು ಬಳಸುವ ‘ಲಾಗ್4ಜೆ’ ಎಂಬ ಜಾವಾ ಬಿಡಿಭಾಗದಲ್ಲಿ ವರ್ಷಗಳಿಂದ ಇದ್ದ ದೋಷ ಬಯಲಾಯಿತು. ಒಂದು ವಿಶೇಷ ಸಾಲನ್ನು ಚಾಟ್ ಬಾಕ್ಸಿನಲ್ಲಿ ಬರೆದರೂ ಸಾಕು, ಸರ್ವರ್ ಕೈಗೆ ಸಿಗಬಹುದಿತ್ತು. ಮೈನ್‌ಕ್ರಾಫ್ಟ್ ಆಟದಲ್ಲಿ ಜನ ಮಾಡಿ ತೋರಿಸಿದ್ದು ಹಾಗೆಯೇ. ಅಪಾಯದ ಅಳತೆಯಲ್ಲಿ ಅದಕ್ಕೆ 10ಕ್ಕೆ 10 ಸಿಕ್ಕಿತು. ಸರಿಪಡಿಸಿದ ಆವೃತ್ತಿ ಬೇಗನೆ ಬಂದರೂ ಕಂಪನಿಗಳಿಗೆ ವಾರಗಟ್ಟಲೆ ಹಿಡಿಯಿತು. ತಮ್ಮಲ್ಲಿ ಲಾಗ್4ಜೆ ಇದೆಯೋ ಇಲ್ಲವೋ ಎಂಬುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ! ಅದು ಬಂದದ್ದು ಕರೆದ ಅತಿಥಿಯ ಜೊತೆ ಬಂದವರ ಜೊತೆಗೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಏನೇನು ಹಾಕಿದ್ದಾರೆಂದು ಬರೆದಿರುವಂತೆ ಸಾಫ್ಟ್‌ವೇರಿಗೂ ಪದಾರ್ಥಗಳ ಪಟ್ಟಿ ಬೇಕು ಎಂಬ ಒತ್ತಾಯ ಆಮೇಲೆ ಬಲವಾಯಿತು. ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅಂಥ ಪಟ್ಟಿಗೆ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು.

ಅಪ್‌ಡೇಟ್ ಬೇಡವೆನ್ನುವ ಫಾರ್ವರ್ಡ್ ತಪ್ಪುವುದು ಇಲ್ಲೇ. 2023ರ ಸೆಪ್ಟೆಂಬರ್ ನೋಡಿ. ‘ವೆಬ್‌ಪಿ’ ಎಂಬುದು ಒಂದು ಚಿತ್ರದ ಮಾದರಿ, ವಾಟ್ಸಾಪ್ ಸ್ಟಿಕ್ಕರ್‌ಗಳೂ ಅದೇ ಮಾದರಿಯವು. ಆ ಚಿತ್ರ ತೆರೆಯುವ ಬಿಡಿಭಾಗದಲ್ಲಿ ದೋಷವಿತ್ತು. ಬೇಕೆಂದೇ ತಿರುಚಿದ ಚಿತ್ರ ತೆರೆದರೆ ದಾಳಿಕೋರರಿಗೆ ದಾರಿ ಸಿಗುವಂತಿತ್ತು. ಬಿಡಿಭಾಗ ಒಂದೇ. ಆದರೆ ಅದು ಕ್ರೋಮ್ ಒಳಗಿತ್ತು, ಫೈರ್‌ಫಾಕ್ಸ್ ಒಳಗಿತ್ತು, ಎಡ್ಜ್ ಒಳಗಿತ್ತು, ಇನ್ನೂ ಎಷ್ಟೋ ಆ್ಯಪ್‌ಗಳು ಅದನ್ನು ಪಿಡಿಎಫ್‌ನಲ್ಲಿ ಫಾಂಟ್ ಕಟ್ಟಿದಂತೆ ತಮ್ಮೊಳಗೇ ಕಟ್ಟಿಕೊಂಡಿದ್ದವು. ಹಾಗೆ ಕಟ್ಟಿಕೊಂಡದ್ದನ್ನು ಹೊರಗಿನಿಂದ ಯಾರೂ ಬದಲಿಸಲಾಗದು. ಪ್ರತಿ ಕಂಪನಿಯೂ ಹೊಸ ಬಿಡಿಭಾಗ ತರಿಸಿ, ಮತ್ತೆ ಜೋಡಿಸಿ, ನಿಮಗೆ ಕಳಿಸಬೇಕು. ಅದು ನಿಮ್ಮ ಫೋನಿಗೆ ಬರುವ ಬಾಗಿಲೇ ಅಪ್‌ಡೇಟ್. “ಬಗ್ ಫಿಕ್ಸಸ್” ಎಂಬ ಎರಡು ಪದದ ಹಿಂದೆ ಇಂಥ ಕಥೆಗಳಿರುತ್ತವೆ. ಚಾಕ್ ಪ್ರಕರಣದಂತೆ ಅಪ್‌ಡೇಟಿನ ಹಾದಿಯಲ್ಲೇ ಕಳ್ಳ ಮಾಲು ಬರುವುದೂ ಉಂಟಲ್ಲ ಎಂದು ನೀವು ಕೇಳಬಹುದು. ಉಂಟು, ಆದರೆ ಅಂಥದ್ದು ಪತ್ತೆಯಾದರೆ ಅದನ್ನು ತೆಗೆದುಹಾಕುವುದೂ ಇನ್ನೊಂದು ಅಪ್‌ಡೇಟೇ. ಅಪ್‌ಡೇಟ್ ನಿಲ್ಲಿಸಿದವರ ಫೋನಿನಲ್ಲಿ ಊರಿಗೆಲ್ಲ ಗೊತ್ತಾದ ಹುಳುಕು ಹಾಗೇ ಉಳಿದಿರುತ್ತದೆ.

ಬಾಗಿಲು ಯಾವುದು ಎಂಬುದೂ ಮುಖ್ಯ. ಪ್ಲೇ ಸ್ಟೋರ್‌ನಿಂದ ಬರುವುದು ಬೇರೆ, ವಾಟ್ಸಾಪ್‌ನಲ್ಲಿ ‘ಮದುವೆ ಆಮಂತ್ರಣ’, ‘ಆರ್‌ಟಿಓ ಚಲನ್’ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲ್ ಬೇರೆ. ಆಂಡ್ರಾಯ್ಡ್ ಪ್ರತಿ ಆ್ಯಪ್‌ಗೂ ಅದನ್ನು ತಯಾರಿಸಿದವರ ಡಿಜಿಟಲ್ ಮುದ್ರೆ ಕೇಳುತ್ತದೆ. ನಿಮ್ಮ ಬ್ಯಾಂಕ್ ಆ್ಯಪ್‌ನ ಮೇಲೆ ಅಪ್‌ಡೇಟ್ ಆಗಿ ಕೂರಬೇಕಾದರೆ ಮೊದಲಿನ ಮುದ್ರೆಯೇ ಇರಬೇಕು, ಬೇರೆ ಮುದ್ರೆಯದನ್ನು ಫೋನ್ ಒಪ್ಪುವುದಿಲ್ಲ. ಆದರೆ ಹೊಸ ಆ್ಯಪ್ ಆಗಿ ಬಂದರೆ ಹೋಲಿಸಲು ಹಳೆಯ ಮುದ್ರೆಯೇ ಇಲ್ಲ. ಮೇಲೆ ಕಾಣುವ ಹೆಸರು, ಚಿತ್ರ ಏನು ಬೇಕಾದರೂ ಇಡಬಹುದು, ಬ್ಯಾಂಕಿನದ್ದನ್ನೂ ಇಡಬಹುದು. ಅಪರಿಚಿತ ಮೂಲದ ಆ್ಯಪ್ ಹಾಕಲೇ ಎಂದು ಫೋನ್ ಕೇಳುವ ಆ ಒಂದು ಪ್ರಶ್ನೆಗೆ ನೀವು ‘ಹೂಂ’ ಎಂದರೆ, ಎಸ್‌ಎಂಎಸ್ ಓದುವ ಅನುಮತಿಯನ್ನೂ ಕೊಟ್ಟರೆ, ಒಟಿಪಿಗಳು ಅವರ ಕೈಗೆ. ಆಮಂತ್ರಣ ಪತ್ರಿಕೆ ಚಿತ್ರವಾಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು, ಆ್ಯಪ್ ಆಗಿ ಬರುವ ಅಗತ್ಯವೇ ಇಲ್ಲ. ಈಗಾಗಲೇ ಹಾಕಿಕೊಂಡು ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಇನ್ನು ‘ಬೇರೆಯವರ ಕೋಡ್’ ನಿಮ್ಮ ಫೋನಿನಲ್ಲಿ ಯಾವ್ಯಾವುದಿದೆ ಎಂಬ ಕುತೂಹಲವಿದ್ದರೆ ಅದನ್ನು ನೋಡಲೂಬಹುದು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ‘ಲೀಗಲ್ ಇನ್ಫರ್ಮೇಷನ್’ ಒಳಗೆ ಲೈಸೆನ್ಸ್‌ಗಳ ಪಟ್ಟಿ ಹುಡುಕಿ. ಕೆಲವು ಕಂಪನಿಗಳ ಫೋನಿನಲ್ಲಿ ಈ ಹೆಸರುಗಳು ಸ್ವಲ್ಪ ಬೇರೆ ಇರುತ್ತವೆ. ಅನೇಕ ಆ್ಯಪ್‌ಗಳೂ ತಮ್ಮ ‘ಹೆಲ್ಪ್’ ಅಥವಾ ‘ಅಬೌಟ್’ ಪುಟದಲ್ಲಿ ಇಂಥ ಪಟ್ಟಿ ಇಟ್ಟಿರುತ್ತವೆ. ಪಟ್ಟಿ ಬಹಳ ಉದ್ದ ಇರುತ್ತದೆ, ತೆರೆಯಲು ಫೋನ್ ಸ್ವಲ್ಪ ಹೊತ್ತು ತೆಗೆದುಕೊಂಡರೆ ಗಾಬರಿಯಾಗಬೇಡಿ. ಆಂಡ್ರಾಯ್ಡ್‌ನ ಪಟ್ಟಿಯಲ್ಲಿ ನಿಧಾನವಾಗಿ ಕೆಳಗಿಳಿಯುತ್ತ ಹೋದರೆ, ಎಲ್ಲೋ ನಡುವೆ, ನಿಮಗೆ ಈ ಕನ್ನಡ ತೋರಿಸುತ್ತಿರುವ ಹಾರ್ಫ್‌ಬಜ್ ಕೂಡ ಸಿಗುತ್ತದೆ.